ಆಂಕಿ ಆಪ್: ಎರಡೂವರೆ ವರ್ಷದ ಬಳಕೆ, ಒಂದಿಷ್ಟು ಜಿಗಣೆ

ಎಸ್ಸೆಸ್ಸೆಲ್ಸಿವರೆಗೆ ನನ್ನದು ಕನ್ನಡ ಮೀಡಿಯಂ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡೆ. ಮೊದಲ ಸೆಮಿಸ್ಟರ್‌ನಲ್ಲೇ ಕ್ಲಾಸಲ್ಲಿ ಎದ್ದು ನಿಂತು ಒಂದು ಅಲಂಕಾರದ ಹೆಸರನ್ನು ‘ಸಿನೆಕ್‌ಡೋಚ್’ ಎಂದು ಗಟ್ಟಿಯಾಗಿ ಓದಿದೆ. ಅದು ಸಿನೆಕ್ಡಕಿ ಅಂತೆ. ಯಾರ್ಯಾರು ನಕ್ಕರು ಅಂತ ಈಗಲೂ ನೆನಪಿದೆ. ಅದೇ ರಾತ್ರಿ ಮೊಬೈಲಿಗೆ ಆಂಕಿ ಹಾಕಿಕೊಂಡೆ.

ಇದು ಕಾರ್ಡ್ ಆಪ್. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಉತ್ತರ ನೋಡಿದ ಮೇಲೆ ಮರೆತೆ, ಕಷ್ಟ, ಸರಿ, ಸುಲಭ ಎಂಬರ್ಥದ ನಾಲ್ಕು ಬಟನ್. ‘ಸುಲಭ’ ಒತ್ತುತ್ತಾ ಹೋದರೆ ಆ ಕಾರ್ಡ್ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ‘ಮರೆತೆ’ ಅಂದರೆ ಸ್ವಲ್ಪ ಹೊತ್ತಲ್ಲೇ ಹಾಜರ್. 2006ರಿಂದ ಇದೆ. ಹೆಸರು ಜಪಾನಿ, ಬಾಯಿಪಾಠ ಅಂತ ಅರ್ಥ. ಆಂಡ್ರಾಯ್ಡ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಉಚಿತ. ಐಫೋನ್‌ಗೆ ಒಂದು ಸಲ ದುಡ್ಡು ಕೊಡಬೇಕು. ನೋಡಲು ಸಪ್ಪೆ. ನಾನು ಅಲಂಕಾರ ಕಲಿತದ್ದು ಯಾವ ಅಲಂಕಾರವೂ ಇಲ್ಲದ ಆಪ್‌ನಲ್ಲಿ!

ಮೊದಲು ಯಾರೋ ಮಾಡಿಟ್ಟ ರೆಡಿಮೇಡ್ ಕಾರ್ಡ್ ಕಟ್ಟು ಇಳಿಸಿಕೊಂಡೆ. ಪದಕ್ಕಿಂತ ಅದರ ವಿವರಣೆಯೇ ಕಷ್ಟ. ಅಸೊನೆನ್ಸ್ (ಸ್ವರ ಮರುಕಳಿಸುವುದು) ಕಾರ್ಡಿನಲ್ಲಿ ಅಲಿಟರೇಶನ್ನಿನ (ಪದಗಳ ಮೊದಲ ವ್ಯಂಜನ ಮರುಕಳಿಸುವುದು) ಉದಾಹರಣೆ. ಎರಡು ತಿಂಗಳು ಒದ್ದಾಡಿ ಅಳಿಸಿ ಹಾಕಿದೆ. ಆಮೇಲೆ ನಾನೇ ಬರೆಯಲು ಕೂತೆ. ಡ್ರಮ್ಯಾಟಿಕ್ ಐರನಿಗೆ ಯಕ್ಷಗಾನದ ಕೀಚಕವಧೆ ಹಾಕಿದೆ. ಕತ್ತಲಲ್ಲಿ ಇರುವುದು ಭೀಮ. ಸೈರಂಧ್ರಿ ಅಂದುಕೊಂಡು ಕೀಚಕ ಸಿಂಗರಿಸಿಕೊಂಡು ಬರುತ್ತಾನೆ. ಆಟ ನೋಡುವ ಮಕ್ಕಳಿಗೂ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಆ ಕಾರ್ಡನ್ನು ನಾನು ಒಂದು ಸಲವೂ ಮರೆತಿಲ್ಲ. ಸದ್ದನ್ನೇ ಪದವಾಗಿಸುವ ಆನಮಟೊಪಿಯಾಗೆ ‘ಧೋ’ ಅಂತ ಸುರಿಯುವ ಆಟಿ (ಆಷಾಢ) ಮಳೆ. ಹೈಸ್ಕೂಲಿನ ಅನುಕರಣಾವ್ಯಯವೇ ಇದು ಅಲ್ವಾ? ಸ್ಪೆಲ್ಲಿಂಗ್ ಮಾತ್ರ ಬೇರೆ ಕಾರ್ಡ್ ಮಾಡಿ ಕಲಿಯಬೇಕಾಯಿತು.

ಆದರೆ ಕಾರ್ಡಿನ ಹಿಂದೆ ಸುಮ್ನೆ ಒಂದು ಕನ್ನಡ ಪದ ಬರೆದಿಟ್ಟರೆ ಕೈಕೊಡುತ್ತದೆ. ರೈಮ್ ಅಂದರೆ ಪ್ರಾಸ ಎಂದು ಬರೆದಿದ್ದೆ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಇರುವುದು ಸಾಲಿನ ಎರಡನೇ ಅಕ್ಷರದಲ್ಲಿ. ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಸಾಲಿನ ಕೊನೆಗೆ. ಇಂಟರ್ನಲ್ ಪರೀಕ್ಷೆಯಲ್ಲಿ ರೈಮನ್ನು ಸಾಲಿನ ಆರಂಭದಲ್ಲಿ ಹುಡುಕುತ್ತಾ ಕೂತೆ, ಎರಡು ಅಂಕ ಹೋಯಿತು.

ಇನ್ನು ಜಿಗಣೆ. ಒಂದು ಕಾರ್ಡನ್ನು ಎಂಟು ಸಲ ಮರೆತರೆ ಆಂಕಿ ಅದಕ್ಕೆ ‘ಲೀಚ್’, ಅಂದರೆ ಜಿಗಣೆ, ಎಂದು ಚೀಟಿ ಅಂಟಿಸುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿಯ ಕಾಡಿಗೆ ಕಾಲಿಟ್ಟವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನನಗೆ ಕಚ್ಚಿಕೊಂಡದ್ದು ಮೆಟಾನಮಿ ಮತ್ತು ಅದೇ ಸಿನೆಕ್ಡಕಿ. ಎರಡೂ ಒಂದೇ ಥರ ಕಾಣುತ್ತಿದ್ದವು. ಕನ್ನಡದ ಮೇಡಂ ಹತ್ತಿರ ಕೇಳಿದರೆ ಎರಡೂ ಲಕ್ಷಣೆಯೇ (ನೇರ ಅರ್ಥ ಬಿಟ್ಟು ಸಂಬಂಧದಿಂದ ಬೇರೆ ಅರ್ಥ ಕೊಡುವುದು) ಅಂದರು. ಪರಿಹಾರ ಸಿಕ್ಕಿದ್ದು ಮಂಗಳೂರಿನ ಸುರತ್ಕಲ್ ಬಸ್ಸಿನಲ್ಲಿ. ಕೊಟ್ಟಾರಚೌಕಿಯಲ್ಲಿ ಬಸ್ಸು ನಿಂತಿತ್ತು. ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗುತ್ತಿದ್ದ. ಹತ್ತಿದವರಲ್ಲಿ ಒಬ್ಬರಿಗೂ ಬ್ಯಾಂಕಿನಲ್ಲಿ ಕೆಲಸ ಇರಲಿಲ್ಲ. ಬ್ಯಾಂಕ್ ಪಕ್ಕದಲ್ಲಿತ್ತು, ಬಸ್‌ಸ್ಟ್ಯಾಂಡಿಗೆ ಅದೇ ಹೆಸರು ಅಂಟಿತು. ಪಕ್ಕದ್ದರ ಹೆಸರು ಬಂದರೆ ಮೆಟಾನಮಿ! ಟೂರಿಗೆ ‘ತಲೆಗೆ 500 ರೂಪಾಯಿ’ ಅಂದಾಗ ತಲೆ ಒಂದೇ ಹೋಗುವುದಿಲ್ಲ, ಇಡೀ ಆಳು ಹೋಗುತ್ತಾನೆ. ಅದು ಸಿನೆಕ್ಡಕಿ. ಬಸ್ಸಲ್ಲಿ ನಿಂತುಕೊಂಡೇ ಎರಡೂ ಕಾರ್ಡ್ ತಿದ್ದಿದೆ.

ತೊಂದರೆ ಇಲ್ಲ ಎಂದಲ್ಲ. ದಸರಾ ರಜೆಯಲ್ಲಿ ಹತ್ತು ದಿನ ಮುಟ್ಟಲಿಲ್ಲ. ಬಂದು ನೋಡಿದರೆ ಮುನ್ನೂರು ಕಾರ್ಡ್ ಕಾಯುತ್ತಿದ್ದವು. ತಪ್ಪು ನನ್ನದೇ. ದಿನಕ್ಕೆ 20 ಹೊಸ ಕಾರ್ಡ್ ಎಂದು ಆಪ್‌ನಲ್ಲಿ ಮೊದಲೇ ಇರುತ್ತದೆ, ನಾನು ಹಾಗೇ ಬಿಟ್ಟಿದ್ದೆ. ಈಗ 5. ಅಷ್ಟೇ ಸಾಕು, ಜಾಸ್ತಿ ಬೇಡ. ಪದ್ಯ ಕೊಟ್ಟು ‘ಇಲ್ಲಿ ಐರನಿ ಏನು ಕೆಲಸ ಮಾಡುತ್ತದೆ’ ಎಂದು ಕೇಳಿದರೆ ಮಾತ್ರ ಕಾರ್ಡ್ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಪೆನ್ನು ಹಿಡಿದು ಬರೆಯಲೇಬೇಕು.

ಕೊನೆಗೆ ಉಳಿದ ಜಿಗಣೆ ಝೂಗ್ಮಾ. ಒಂದೇ ಕ್ರಿಯಾಪದ ಎರಡು ಪದಗಳಿಗೆ ಸೇರಿ, ಒಂದೊಂದಕ್ಕೆ ಒಂದೊಂದು ಅರ್ಥ ಕೊಡುವುದು. ಕಳೆದ ವಾರ ತಮ್ಮ ಅಡುಗೆಮನೆಗೆ ನುಗ್ಗಿ ಬಿಸಿ ಬನ್ಸಿಗೆ ಕೈಹಾಕಿದ. ಅಮ್ಮನ ಕೈಲಿ ಸೌಟಿತ್ತು. ಕಾರ್ಡಿನ ಹಿಂದೆ ಬರೆದೆ: ‘ತಮ್ಮ ಬನ್ಸನ್ನೂ ಪೆಟ್ಟನ್ನೂ ಒಟ್ಟಿಗೇ ತಿಂದ.’ ನಿನ್ನೆ ಆ ಕಾರ್ಡ್ ಮತ್ತೆ ಬಂತು. ‘ಸುಲಭ’ ಒತ್ತಿದೆ.