ಗ್ರಾಫೀನ್ ಕೆಳಗೆ ಯಾವ ಹಾಸು? ಮೂರನ್ನೂ ಹಾಕಿ ನೋಡಿದೆ

ಪುಣೆಗೆ ಬಂದ ಮೊದಲ ವರ್ಷ ನಾನು ಗ್ರಾಫೀನನ್ನು (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಕೂರಿಸಿದ್ದು ಸಿಲಿಕಾನ್ ಡೈಆಕ್ಸೈಡ್ ಮೇಲೆ. ಲ್ಯಾಬಿನಲ್ಲಿ ಅದೇ ರಾಶಿ ಬಿದ್ದಿತ್ತು, ಅಷ್ಟೇ ಕಾರಣ. 300 ನ್ಯಾನೋಮೀಟರ್ ದಪ್ಪದ ಪದರ ನೇರಳೆ ಬಣ್ಣ ಹೊಡೆಯುತ್ತದೆ, ಅದರ ಮೇಲೆ ಗ್ರಾಫೀನ್ ಸಾದಾ ಮೈಕ್ರೋಸ್ಕೋಪಿಗೂ ಕಾಣುತ್ತದೆ.

ಗ್ರಾಫೀನನ್ನು 100 ನ್ಯಾನೋಮೀಟರ್ ಅಗಲದ ಪಟ್ಟಿಗಳಾಗಿ ಸೀಳಿ, ವಿದ್ಯುತ್ ಕ್ಷೇತ್ರ ಪಟ್ಟಿಗೆ ಅಡ್ಡಡ್ಡ ಇರುವಂತೆ ಇನ್ಫ್ರಾರೆಡ್ ಬೆಳಕು ಬಿಟ್ಟರೆ ಎಲೆಕ್ಟ್ರಾನುಗಳು ಒಟ್ಟಾಗಿ ಅಲೆಯಾಡುತ್ತವೆ. ಇದೇ ಪ್ಲಾಸ್ಮಾನ್. ಯಾವ ಬೆಳಕು ಎಷ್ಟು ಹೀರಿತು ಅಂತ ತೋರಿಸುವ ಗ್ರಾಫಿನಲ್ಲಿ ಒಂದು ಏರು ಬರುತ್ತದೆ ಅಂದುಕೊಂಡಿದ್ದೆ. ಪಕ್ಕದ ಬೆಳಗಾವಿ ಗೆಳೆಯ ಬಗ್ಗಿ ನೋಡಿ, "ಏನಲೇ, ಒಂದ ಕೇಳಿದ್ರ ಮೂರು ಬಂದಾವಲ್ಲ!" ಅಂದ.

ತಪ್ಪು ನನ್ನದಲ್ಲ, ನೆಲದ್ದು. ಸಿಲಿಕಾನ್, ಆಕ್ಸಿಜನ್ ಪರಮಾಣುಗಳು ಎದುರುಬದುರು ತೂಗಾಡುವಾಗ ಏಳುವ ವಿದ್ಯುತ್ ಕ್ಷೇತ್ರ ಮೇಲಿನ ಎಲೆಕ್ಟ್ರಾನುಗಳಿಗೂ ತಾಗುತ್ತದೆ. ಈ ತೂಗಾಟ ಸೆಂಟಿಮೀಟರಿಗೆ ಸುಮಾರು 800 ಮತ್ತು 1100 ಅಲೆಗಳ ಹತ್ತಿರ ಇದೆ. ಪ್ಲಾಸ್ಮಾನ್ ಅಲ್ಲಿಗೆ ಬಂದರೆ ಎರಡೂ ಬೆರೆತುಹೋಗುತ್ತವೆ. ಏರು ಇನ್ನೂ ಮೇಲಿನ ಸಂಖ್ಯೆಗೆ ಸರಿಯಲಿ ಅಂತ ಪಟ್ಟಿಯನ್ನು ಕಿರಿದು ಮಾಡುತ್ತಾ ಹೋದೆ. ನಡುವಿನ ಏರು 1100 ದಾಟಲೇ ಇಲ್ಲ, ಸುಮ್ನೆ ಸಣ್ಣಗಾಯಿತು. ಅದರ ಬಲವೆಲ್ಲ ಮೇಲಿನ ಏರಿಗೆ ಹೋಯಿತು. ಬೇಜಾರಾದರೂ ಬೆರಕೆ ಅಂದರೇನು ಅಂತ ಕಣ್ಣಾರೆ ಕಂಡಿದ್ದು ಅಲ್ಲೇ.

ಆಮೇಲೆ ಕ್ಯಾಲ್ಸಿಯಂ ಫ್ಲೋರೈಡ್. ಇದರ ಕಂಪನವೆಲ್ಲ 500ರ ಕೆಳಗೆ. ಹಾಗಾಗಿ ಒಂದೇ ಏರು, ಚೊಕ್ಕ. ಆದರೆ ಗಾಜಿನ ಹಾಗಿರುವ ಇದರ ಮೇಲೆ ಗ್ರಾಫೀನ್ ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ. ವಿದ್ಯುತ್ ಹರಿಯದ ಕಾರಣ ಎಲೆಕ್ಟ್ರಾನ್ ಕಿರಣದಿಂದ ಗೆರೆ ಎಳೆಯುವಾಗ ಚಾರ್ಜ್ ಕೂಡಿ, ನನ್ನ ಮೊದಲ ಪಟ್ಟಿಗಳೆಲ್ಲ ಸೊಟ್ಟ. ಮೇಲೊಂದು ವಾಹಕ ಪಾಲಿಮರ್ ಬಳಿದ ಮೇಲೆ ಸರಿಹೋಯಿತು. ಗ್ರಾಫೀನಿನ ಎಲೆಕ್ಟ್ರಾನ್ ಲೆಕ್ಕ ಏರಿಳಿಸಲು ಕೆಳಗಿನಿಂದ ವೋಲ್ಟೇಜ್ (ಗೇಟ್) ಕೊಡುವ ಹಾಗೂ ಇಲ್ಲ. ನೈಟ್ರಿಕ್ ಆಸಿಡ್ ಹಬೆ ಹಿಡಿದು ಬದಲಿಸಬೇಕು.

ಕೊನೆಗೆ ಬೋರಾನ್ ನೈಟ್ರೈಡ್, ಮೇಲೊಂದು ಕೆಳಗೊಂದು ಪದರ, ನಡುವೆ ಗ್ರಾಫೀನ್. ಪದರದ ನಡುವೆ ಗುಳ್ಳೆ ಏಳುತ್ತದೆ, ಐದಕ್ಕೆ ಒಂದು ದಕ್ಕಿದರೆ ಪುಣ್ಯ. ಚೂರುಗಳೂ ಚಿಕ್ಕವು. ಅದಕ್ಕೇ ಚೂಪು ಮೊನೆಯ ನಿಯರ್‌ಫೀಲ್ಡ್ ಮೈಕ್ರೋಸ್ಕೋಪ್ ಬೇಕಾಯಿತು. 2012ರಲ್ಲಿ ಭೌತವಿಜ್ಞಾನಿಗಳಾದ ಬಾಸೊವ್ ಮತ್ತು ಕೊಪ್ಪೆನ್ಸ್ ಅವರ ತಂಡಗಳು ಪ್ಲಾಸ್ಮಾನ್ ಅಲೆಗಳ ಚಿತ್ರ ತೆಗೆದಿದ್ದೂ ಇಂಥ ಮೈಕ್ರೋಸ್ಕೋಪಿನಲ್ಲೇ. ಸಿಲಿಕಾನ್ ಡೈಆಕ್ಸೈಡ್ ಮೇಲೆ ಗ್ರಾಫೀನಿನ ಅಂಚಿನ ಹತ್ತಿರ ಅಲೆಯ ಎರಡು ಪಟ್ಟೆ ಕಂಡು ಮಾಯವಾಗಿದ್ದವು. ಇಲ್ಲಿ ಎಣಿಸುತ್ತಾ ಹೋದೆ, ಒಂಬತ್ತರವರೆಗೆ ಸಿಕ್ಕಿತು! ಇದಕ್ಕೂ ಕಂಪನವಿದೆ, 760ರಿಂದ 820 ಮತ್ತು 1370ರಿಂದ 1610ರ ನಡುವೆ. ಅಲ್ಲೂ ಬೆರಕೆಯೇ. ಆದರೆ ಈ ಹರಳಿನ ತೂಗಾಟ ತಾನೇ ಜಾಸ್ತಿ ಹೊತ್ತು ನಿಲ್ಲುತ್ತದೆ, ಹಾಗಾಗಿ ಬೆರೆತ ಅಲೆಯೂ ಬೇಗ ಸಾಯುವುದಿಲ್ಲ.

ಒಂದೇ ಏರು ಬೇಕು, ಬೇಗ ಬೇಕು ಅಂದರೆ ಕ್ಯಾಲ್ಸಿಯಂ ಫ್ಲೋರೈಡ್ ಹಾಕಿ. ನಾನು ಮಾತ್ರ ಈಗ ಮತ್ತೆ ಬೋರಾನ್ ನೈಟ್ರೈಡ್ ಗುಳ್ಳೆ ಒತ್ತುತ್ತಾ ಕೂತಿದ್ದೇನೆ.