ಮನೆ ಮಾರಾಟದ ಆ್ಯಪ್: ಫೋಟೋ ನೋಡಿ ಮರುಳಾಗ್ಬೇಡಿ, 2/5

ಜೆ.ಪಿ. ನಗರ, ಬನಶಂಕರಿ ಕಡೆ ರೀಸೇಲ್ 2 ಬಿಎಚ್‌ಕೆ ಹುಡುಕ್ತಾ ಒಂದು ಆ್ಯಪ್ ಬಳಸ್ತಿದೀವಿ, ಹೆಸರು ಬೇಡ. ಫಿಲ್ಟರ್, ಮ್ಯಾಪ್ ಎಲ್ಲ ಚೆನ್ನಾಗಿದೆ, ಆದ್ರೆ ಫೋಟೋ ವಿಷ್ಯದಲ್ಲಿ ನಿಜವಾಗ್ಲೂ ಬೇಜಾರಾಗಿದೆ.

ಫೋಟೋದಲ್ಲಿ ಹಾಲ್ ಅಷ್ಟು ದೊಡ್ಡದು, ಹೋಗಿ ನೋಡಿದ್ರೆ ಸೋಫಾ ಹಾಕಿದ್ಮೇಲೆ ಬಾಲ್ಕನಿ ಬಾಗಿಲು ಪೂರ್ತಿ ತೆಗೆಯೋಕೇ ಆಗಲ್ಲ. ಮೂಲೆಲಿ ನಿಂತು ವೈಡ್ ಆಂಗಲ್‌ನಲ್ಲಿ ತೆಗೀತಾರೆ, ಎಷ್ಟೋ ಫೋನಲ್ಲಿ 0.5 ಒತ್ತಿದ್ರೆ ಸಾಕು, ಎದುರು ಗೋಡೆ ದೂರ ಹೋದಂಗೆ ಕಾಣುತ್ತೆ. ಫೋಟೋ ಅಂಚಲ್ಲಿರೋ ಮಂಚ, ಫ್ರಿಡ್ಜ್ ಅಡ್ಡಕ್ಕೆ ಎಳೆದಂಗಿದ್ರೆ ಅದೇ ಗುರುತು ನೋಡಿ. ಬೆಡ್‌ರೂಮಲ್ಲಿ ಬಿಳಿ ಪರದೆ, ಚೆಂದದ ಬೆಳಕು, ಸರಿಸಿ ನೋಡಿದ್ರೆ ಪಕ್ಕದ ಬಿಲ್ಡಿಂಗ್ ಗೋಡೆ ಕೈಗೇ ಸಿಗುತ್ತೆ! ಬಾತ್‌ರೂಮ್ ಸೀಲಿಂಗ್ ತುಂಬಾ ಲೀಕೇಜ್ ಕಲೆ, ಅದರ ಫೋಟೋನೇ ಹಾಕಿಲ್ಲ.

ಬಿಲ್ಡರ್ ಹತ್ರ ಹೊಸ ಫ್ಲ್ಯಾಟ್ ತಗೊಳ್ಳೋರಿಗೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಸೆಕ್ಷನ್ 12 ಇದೆ, ಜಾಹೀರಾತಲ್ಲೋ ಮಾಡೆಲ್ ಫ್ಲ್ಯಾಟಲ್ಲೋ ಸುಳ್ಳು ತೋರ್ಸಿ ನಷ್ಟ ಆದ್ರೆ ಪರಿಹಾರ ಕೇಳ್ಬೋದು. ಓನರ್ ಮಾರೋ ಹಳೇ ಮನೆಗೆ ಅದು ಬರಲ್ಲ, ಅದಕ್ಕೇ ಆ್ಯಪ್‌ನವ್ರು ಪ್ರತಿ ರೂಮಿನ ಅಳತೆ, ಕಾರ್ಪೆಟ್ ಏರಿಯಾ (ಮನೆ ಒಳಗೆ ನಿಜವಾಗಿ ಬಳಸೋಕೆ ಸಿಗೋ ಜಾಗ), ಫ್ಲೋರ್ ಪ್ಲಾನ್ ಕಡ್ಡಾಯ ಮಾಡ್ಲೇಬೇಕು. ಈಗ ಹೆಚ್ಚಿನವ್ರು ಹಾಕೋದು ಸೂಪರ್ ಬಿಲ್ಟ್‌ಅಪ್ ಮಾತ್ರ, ಅದರಲ್ಲಿ ಲಿಫ್ಟು, ಮೆಟ್ಟಿಲು, ಲಾಬಿ ಎಲ್ಲ ಸೇರಿರುತ್ತೆ. ನಾವಂತೂ ಈಗ ಹೊರಡೋ ಮುಂಚೆ ಓನರ್‌ಗೆ ವಿಡಿಯೋ ಕಾಲ್ ಮಾಡಿ, ಮೇನ್ ಡೋರಿಂದ ನಡ್ಕೊಂಡ್ ಬನ್ನಿ ಸಾರ್, ಎಲ್ಲಾ ಕಿಟಕಿ ತೆಗ್ದು ತೋರ್ಸಿ ಅಂತೀವಿ, ಒಪ್ಪದೇ ಇದ್ರೆ ಆ ಮನೆ ಲಿಸ್ಟಿಂದ ತೆಗೀತೀವಿ.