ಪವರ್ ಸ್ಟೇಷನ್ ಚೆನ್ನಾಗಿದೆ, ಪ್ಯಾನಲ್ ಹಾಕುವ ಮೊದಲು ವೋಲ್ಟ್ ನೋಡಿ

ಮೊದಲೇ ಹೇಳಿಬಿಡುತ್ತೇನೆ: ಪವರ್ ಸ್ಟೇಷನ್, ಅಂದರೆ ಬ್ಯಾಟರಿ, ಇನ್ವರ್ಟರ್ ಎಲ್ಲ ಒಳಗೇ ಇರುವ ಬಾಕ್ಸ್, ಚೆನ್ನಾಗಿದೆ; ಅದರ ಜೊತೆ ಮಾರುವ ಮಡಚುವ ಸೋಲಾರ್ ಪ್ಯಾನಲ್ ಮಾತ್ರ ಸಿಕ್ಕಾಪಟ್ಟೆ ದುಬಾರಿ. ನಮ್ಮದು 500 ವ್ಯಾಟ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಪವರ್ ಸ್ಟೇಷನ್. ಕರೆಂಟು ಹೋದಾಗ ವೈಫೈ ರೂಟರ್, ಎರಡು ಎಲ್‌ಇಡಿ ಬಲ್ಬು, ಒಂದು ಲ್ಯಾಪ್‌ಟಾಪ್, ಇಷ್ಟಕ್ಕೆ ಸಂಜೆಯಿಂದ ಮಲಗುವ ತನಕ ಧಾರಾಳವಾಗಿ ಸಾಕು. ಮಿಕ್ಸಿ ಹಾಕಿದರೆ ಓವರ್‌ಲೋಡ್ ಅಂತ ಕೂಗಿ ಆಫ್ ಆಗುತ್ತದೆ. ಬಾಕ್ಸಿನ ಪ್ಲಗ್ ಪಾಯಿಂಟಿಗೆ ಕರೆಂಟು ಕೊಡುವ ಎಸಿ ಬಟನ್ ಒತ್ತಿ ಹಾಗೇ ಬಿಟ್ಟರೆ, ಏನೂ ಹಾಕದಿದ್ದರೂ ಒಳಗಿನ ಇನ್ವರ್ಟರ್ ಸುಮ್ನೆ ಚಾರ್ಜ್ ತಿನ್ನುತ್ತಿರುತ್ತದೆ, ಅದೊಂದು ನೆನಪಿರಲಿ.

ಮಡಚುವ ಪ್ಯಾನಲ್ ಬದಲು ಸೋಲಾರ್ ಅಂಗಡಿಯಲ್ಲಿ ಸಿಗುವ ಸಾದಾ 100 ವ್ಯಾಟಿನ ಗಾಜಿನ ಪ್ಯಾನಲ್ ತಂದೆವು, ಅರ್ಧಕ್ಕಿಂತ ಕಡಿಮೆ ದುಡ್ಡು. ಎಚ್ಚರಿಕೆ ಬೇಕಾಗಿರುವುದು ಇಲ್ಲೇ. ಬಾಕ್ಸಿನ ಸೋಲಾರ್ ಇನ್‌ಪುಟ್ ಪಕ್ಕ 12-28 ವೋಲ್ಟ್ ಅಂತ ಸಣ್ಣ ಅಕ್ಷರದಲ್ಲಿದೆ. ಪ್ಯಾನಲ್ ತಿರುಗಿಸಿ ಹಿಂದಿನ ಸ್ಟಿಕ್ಕರ್ ಓದಿ. ಅಂಗಡಿಯವರು ಅದನ್ನು 12 ವೋಲ್ಟ್ ಪ್ಯಾನಲ್ ಅಂತಲೇ ಕರೆಯುತ್ತಾರೆ, ಆದರೆ ಸ್ಟಿಕ್ಕರ್‌ನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಪ್ಯಾನಲ್‌ಗೆ ಏನೂ ಜೋಡಿಸದಿದ್ದಾಗ ಬರುವ ವೋಲ್ಟ್) 22.3 ಇತ್ತು. ನೋಡಬೇಕಾದ್ದು ಆ ಅಂಕಿಯನ್ನೇ, ಅದು ಬಾಕ್ಸಿನ 28 ದಾಟಬಾರದು. ಅದೂ 25 ಡಿಗ್ರಿಯ ಲೆಕ್ಕ. ಪ್ಯಾನಲ್ ತಣ್ಣಗಾದಷ್ಟೂ ವೋಲ್ಟ್ ಏರುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ 0.3. ಮಲೆನಾಡಿನ ಚಳಿಗಾಲದ 10 ಡಿಗ್ರಿ ಬೆಳಿಗ್ಗೆಗೆ ಲೆಕ್ಕ ಹಾಕಿದರೂ 23.3ರ ಆಸುಪಾಸೇ, ಹಾಗಾಗಿ ನಮ್ಮ ಬಾಕ್ಸಿಗೆ ತೊಂದರೆಯಿಲ್ಲ.

ಅಂಗಡಿಯವರು 'ಸಾರ್, ಎರಡು ಪ್ಯಾನಲ್ ಸೀರೀಸ್ ಮಾಡಿ ಕೊಡ್ತೀನಿ, ಬೇಗ ಚಾರ್ಜ್ ಆಗುತ್ತೆ' ಅಂದರು. ಸೀರೀಸ್ ಅಂದರೆ ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್ ಜೋಡಿಸುವುದು, ಎರಡರ ವೋಲ್ಟ್ ಕೂಡಿಕೊಳ್ಳುತ್ತದೆ. ಒಪ್ಪಿದ್ದರೆ 44 ವೋಲ್ಟ್ ದಾಟಿ ಬಾಕ್ಸ್ ಸುಟ್ಟು ಹೋಗುವ ಸಾಧ್ಯತೆಯಿತ್ತು, ಅದಕ್ಕೆ ವಾರಂಟಿಯೂ ಸಿಗುವುದು ಕಷ್ಟ. ಎರಡು ಬೇಕೇ ಬೇಕಾದರೆ ಒಂದೇ ತರಹದವನ್ನು ಪ್ಯಾರಲಲ್ ಮಾಡಿಸಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ವೋಲ್ಟ್ ಅಷ್ಟೇ ಇರುತ್ತದೆ, ಆಂಪ್ಸ್ ಜಾಸ್ತಿಯಾಗುತ್ತದೆ. ಆಂಪ್ಸ್ ಸ್ವಲ್ಪ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಎಲೆಗೆ ಎಷ್ಟೇ ಬಡಿಸಿದರೂ ಹೊಟ್ಟೆ ಹಿಡಿದಷ್ಟೇ ತಾನೇ ತಿನ್ನುವುದು. ವೋಲ್ಟ್ ವಿಷಯದಲ್ಲಿ ಆ ರಿಯಾಯಿತಿ ಇಲ್ಲ. ಮನೆ ಮೇಲೆ ಹಾಕುವ 540 ವ್ಯಾಟಿನ ದೊಡ್ಡ ಪ್ಯಾನಲ್ ಒಂದೇ 49 ವೋಲ್ಟ್ ಆಸುಪಾಸು ಕೊಡುತ್ತದೆ, ಅದನ್ನು ಇಂಥ ಬಾಕ್ಸಿನ ಹತ್ತಿರಕ್ಕೂ ತರಬೇಡಿ.

ಪ್ಯಾನಲ್ ವೈರಿನ ತುದಿಯ ಕನೆಕ್ಟರ್ ಎಂಸಿ4, ಬಾಕ್ಸಿನದು ಎಕ್ಸ್‌ಟಿ60, ನಡುವೆ ಒಂದು ಅಡಾಪ್ಟರ್ ವೈರ್ ಬೇಕು. ಬೇರೆ ಕಂಪನಿಯ ವೈರ್ ಆದರೆ ಪ್ಲಸ್ ಮೈನಸ್ ಉಲ್ಟಾ ಇರುವ ಸಾಧ್ಯತೆಯಿದೆ, ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ಪ್ಯಾನಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹದಕ್ಕಿಡುವ ಚಾರ್ಜ್ ಕಂಟ್ರೋಲರ್ ಬಾಕ್ಸಿನ ಒಳಗೇ ಇದೆ, ಮಧ್ಯೆ ಇನ್ನೊಂದನ್ನು ಮಾರಲು ಬಂದರೆ ಬೇಡ ಅನ್ನಿ. ಬಿಸಿಲಿನಲ್ಲಿ ಚಾರ್ಜ್ ಆಗುತ್ತಿರುವಾಗಲೇ ಎಂಸಿ4 ಎಳೆದರೆ ಕಿಡಿ ಹಾರುತ್ತದೆ. ಮೊದಲು ಪ್ಯಾನಲ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಆಮೇಲೆ ಎಳೆಯಿರಿ.

100 ವ್ಯಾಟ್ ಅಂದರೂ ಮಾರ್ಚ್ ಮಧ್ಯಾಹ್ನ ಸ್ಕ್ರೀನ್‌ನಲ್ಲಿ ಕಾಣುವುದು 70ರ ಹತ್ತಿರ. ಅಡಿಕೆ ಸೋಗೆಯ ನೆರಳು ಒಂದು ಮೂಲೆಗೆ ಬಿದ್ದರೂ ಸಾಕು, ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆಷಾಢದ ಮೋಡದಲ್ಲಂತೂ ಹತ್ತು ವ್ಯಾಟ್ ಬಂದರೆ ಪುಣ್ಯ, ಮಳೆಗಾಲಕ್ಕೆ ಕರೆಂಟು ಇರುವಾಗಲೇ ಗೋಡೆಯ ಪ್ಲಗ್‌ನಿಂದ ತುಂಬಿಸಿಕೊಳ್ಳುವುದೇ ಸರಿ.

ಒಂದು ದೂರು ಇದೆ. ಕೊಟ್ಟಿರುವ ಸೋಲಾರ್ ವೈರ್ ತೀರಾ ಗಿಡ್ಡ, ಪ್ಯಾನಲ್ ಅಂಗಳದಲ್ಲಿಟ್ಟರೆ ಬಾಕ್ಸೂ ಬಿಸಿಲಿಗೇ ಬರಬೇಕು, ಬಂದರೆ ಕಾದು ಫ್ಯಾನ್ ಜೋರಾಗಿ ಓಡಲು ಶುರು. 4 ಸ್ಕ್ವೇರ್ ಎಂಎಂ ಸೋಲಾರ್ ವೈರ್ ಬೇರೆ ತಂದು ಬಾಕ್ಸನ್ನು ಜಗುಲಿಯ ನೆರಳಿಗೆ ಸರಿಸಿದ್ದೇವೆ. ಅಷ್ಟು ಬೆಲೆಯ ಡಬ್ಬದ ಜೊತೆ ಇನ್ನೆರಡು ಮಾರು ವೈರ್ ಕೊಟ್ಟಿದ್ದರೆ ಕಂಪನಿಗೇನೂ ನಷ್ಟ ಆಗುತ್ತಿರಲಿಲ್ಲ, ಅಲ್ವಾ?